ಸನ್‌ಸ್ಕ್ರೀನ್ ಹಚ್ಚಿದ್ರೆ ಮುಖ ಉರಿಯುತ್ತಾ? ಆ ಅಳತೆ ಯಾರ ಚರ್ಮದ್ದು ಅಂತ ಮೊದಲು ನೋಡೋಣ

ಇವತ್ತಿನ ಮಾತು ಸನ್‌ಸ್ಕ್ರೀನ್ ಬಗ್ಗೆ. ಇತಿಹಾಸ ಮಾತಾಡೋ ಜಾಗದಲ್ಲಿ ಮುಖದ ಕ್ರೀಮ್ ಯಾಕೆ ಬಂತು ಅಂತ ಅನ್ನಿಸಬಹುದು. ಸ್ವಲ್ಪ ತಾಳಿ. ಆ ಟ್ಯೂಬಿನ ಮೇಲೆ ಬರೆದಿರೋ ಒಂದೊಂದು ಅಂಕಿಗೂ, ಒಂದೊಂದು ಪದಕ್ಕೂ ಹಿಂದೆ ಒಂದು ಕಥೆ ಇದೆ. ಆ ಕಥೆ ಗೊತ್ತಿಲ್ಲದೆ ಹೋದ್ರೆ ನಮ್ಮ ಮುಖ ಉರಿದಾಗ ನಾವು ನಮ್ಮ ಚರ್ಮವನ್ನೇ ಬೈಕೊಳ್ತೀವಿ.

ಹೈದರಾಬಾದಿಗೆ ಬಂದ ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಮಲ್ಕಾಜ್‌ಗಿರಿ, ಸಫಿಲ್‌ಗುಡ, ನೇರೆಡ್‌ಮೆಟ್ ಕಡೆ ಮನೆ ಮಾಡಿದ್ದಾರೆ. ಹೈಟೆಕ್ ಸಿಟಿಗಿಂತ ಬಾಡಿಗೆ ಕಡಿಮೆ, ಸಿಕಂದರಾಬಾದ್ ಸ್ಟೇಶನ್ ಹತ್ತಿರ, ಊರಿಗೆ ಹೋಗೋಕೆ ಸಲೀಸು. ಆದ್ರೆ ಆಫೀಸು ಊರಿನ ಇನ್ನೊಂದು ತುದಿಯಲ್ಲಿ. ಬೈಕಿನಲ್ಲೋ ಬಸ್ಸಿನಲ್ಲೋ ದಿನಾ ಊರು ದಾಟಬೇಕು. ಹೈದರಾಬಾದ್ ಇರೋದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳಲ್ಲಿ ಒಂದು ಸಲ, ಆಗಸ್ಟ್‌ನಲ್ಲಿ ಒಂದು ಸಲ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬಂದು ನಿಂತು ನೆರಳೇ ಇಲ್ಲದ ಹಾಗೆ ಮಾಡ್ತಾನೆ. ಏಪ್ರಿಲ್, ಮೇ ಅಂದ್ರೆ 40 ಡಿಗ್ರಿ ದಾಟೋದು ಮಾಮೂಲಿ. ಆಗ ಯಾರೋ ಸನ್‌ಸ್ಕ್ರೀನ್ ಹಚ್ಚು ಅಂತಾರೆ. ಹಚ್ಚಿದ ಹತ್ತು ನಿಮಿಷಕ್ಕೆ ಕೆನ್ನೆ ಚುರುಚುರು, ಬೆವರು ಇಳಿದ್ರೆ ಕಣ್ಣು ಉರಿ, ಎರಡು ದಿನಕ್ಕೆ ಸಣ್ಣ ಗುಳ್ಳೆ. ಟ್ಯೂಬ್ ಕಸದ ಬುಟ್ಟಿಗೆ. ಇನ್ನೊಂದು ತರಿಸು, ಅದೂ ಹಾಗೇ. ಕೊನೆಗೆ "ನಂದು ಸೆನ್ಸಿಟಿವ್ ಸ್ಕಿನ್, ನಂಗೆ ಯಾವುದೂ ಆಗಿಬರಲ್ಲ" ಅಂತ ಕೈಬಿಡೋದು.

ಇವತ್ತು ನಾವು ಕೇಳಬೇಕಾದ ಪ್ರಶ್ನೆ ಒಂದೇ. ಈ ಕ್ರೀಮುಗಳನ್ನ ಯಾರ ಚರ್ಮದ ಮೇಲೆ ಅಳೆದರು?

ದಂಡಿನ ಟೋಪಿ

ಮಲ್ಕಾಜ್‌ಗಿರಿಯಿಂದಲೇ ಶುರು ಮಾಡೋಣ. ಮಲ್ಲಿಕಾರ್ಜುನಗಿರಿ ಅನ್ನೋದು ಸವೆದು ಮಲ್ಕಾಜ್‌ಗಿರಿ ಆಯ್ತು ಅಂತ ಹೇಳ್ತಾರೆ. 2016ರಲ್ಲಿ ಮೇಡ್ಚಲ್-ಮಲ್ಕಾಜ್‌ಗಿರಿ ಅಂತ ಜಿಲ್ಲೆಯೇ ಆಯ್ತು. ಇದರ ಪಕ್ಕದಲ್ಲೇ ಸಿಕಂದರಾಬಾದ್ ಕಂಟೋನ್ಮೆಂಟ್. ನಿಜಾಮ ಸಿಕಂದರ್ ಜಾಹ್ ಹೆಸರಿನಲ್ಲಿ 1806ರಲ್ಲಿ ಹುಟ್ಟಿದ ಊರು ಅದು. ತಿರುಮಲಗಿರಿ, ಬೊಲಾರಂ ಎಲ್ಲ ಬ್ರಿಟಿಷ್ ದಂಡು ಬೀಡುಬಿಟ್ಟ ಜಾಗ.

ಆ ದಂಡಿನ ಬಿಳಿ ಸಿಪಾಯಿಗೆ ಎರಡು ಹೆದರಿಕೆ. ಒಂದು ಜ್ವರ, ಇನ್ನೊಂದು ಬಿಸಿಲು. ಬಿಸಿಲಿಗೆ ಅವನ ಉತ್ತರ ಸೋಲಾ ಟೋಪಿ. ಎಷ್ಟೋ ಜನ ಇದನ್ನ 'ಸೋಲಾರ್' ಅಂದ್ರೆ ಸೂರ್ಯ ಅಂತ ತಿಳ್ಕೊಂಡಿದ್ದಾರೆ. ಹಾಗಲ್ಲ. ಸೋಲಾ ಅಂದ್ರೆ ಕೆರೆ, ಜೌಗಿನಲ್ಲಿ ಬೆಳೆಯೋ ಒಂದು ಗಿಡ. ಅದರ ಒಳಗಿನ ಹಗುರಾದ ಬೆಂಡಿನಿಂದ ಮಾಡಿದ ಟೋಪಿ. ನಮ್ಮ ಕಡೆ ಮದುವೆಗೆ ಬಾಸಿಂಗ ಮಾಡ್ತಾರಲ್ಲ, ಅಂಥದೇ ಬೆಂಡು.

ಆ ಕಾಲದ ವೈದ್ಯರ ನಂಬಿಕೆ ಏನಂದ್ರೆ, ಬಿಸಿಲಿನ ಕಣ್ಣಿಗೆ ಕಾಣದ ಕಿರಣಗಳು ತಲೆಬುರುಡೆ, ಬೆನ್ನುಹುರಿ ದಾಟಿ ಬಿಳಿಯರ ನರಮಂಡಲವನ್ನೇ ಹಾಳುಮಾಡ್ತವೆ ಅಂತ. ಅಮೆರಿಕದ ಸೇನಾ ವೈದ್ಯ ಚಾರ್ಲ್ಸ್ ವುಡ್ರಫ್ 1905ರಲ್ಲಿ ಇದರ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಬೆನ್ನಿಗೆ ದಪ್ಪ ಬಟ್ಟೆಯ ಪಟ್ಟಿ ಕಟ್ಟಿಕೊಳ್ತಿದ್ರು. ಅಮೆರಿಕದ ಸೇನೆಯಂತೂ ಫಿಲಿಪೈನ್ಸ್‌ನಲ್ಲಿ ಸಿಪಾಯಿಗಳಿಗೆ ಕಿತ್ತಳೆ-ಕೆಂಪು ಬಣ್ಣದ ಒಳಉಡುಪು ತೊಡಿಸಿ ಪ್ರಯೋಗ ಮಾಡಿತು. ಏನೂ ಪ್ರಯೋಜನ ಆಗಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಸೋಲಾ ಟೋಪಿಯ ಕಡ್ಡಾಯವೂ ಮುಗೀತು.

ಆದ್ರೆ ಒಂದು ಗಮನಿಸಿ. ದಂಡಿನ ಈ ಸಂಶೋಧನೆಯಲ್ಲಿ ನಮ್ಮ ಚರ್ಮ ಎಲ್ಲೂ ಲೆಕ್ಕಕ್ಕಿಲ್ಲ. ಕರಿಯರಿಗೆ, ಕಂದು ಬಣ್ಣದವರಿಗೆ ಬಿಸಿಲು ಏನೂ ಮಾಡಲ್ಲ ಅನ್ನೋದೇ ತೀರ್ಮಾನ. ಇತ್ತ ಅದೇ ಬಿಸಿಲಲ್ಲಿ ಕೆಲಸ ಮಾಡ್ತಿದ್ದ ನಮ್ಮವರಿಗೆ ಅವರದೇ ಉಪಾಯ ಇತ್ತು. ಕಲಬುರಗಿ, ಬೀದರ್ ಕಡೆ ತಲೆಗೆ ರುಮಾಲು, ಕರಾವಳಿ ಮಲೆನಾಡಲ್ಲಿ ಅಡಿಕೆ ಹಾಳೆಯ ಟೋಪಿ, ಹೆಂಗಸರಿಗೆ ತಲೆಮೇಲೆ ಸೆರಗು. ಬಿಸಿಲು ಏನೂ ಮಾಡದೇ ಇದ್ದಿದ್ರೆ ಇಷ್ಟೆಲ್ಲ ಯಾಕೆ ಬೇಕಿತ್ತು?

ಸುಡೋದು ಬಿಸಿ ಅಲ್ಲ

ಬಿಸಿಲು ಚರ್ಮವನ್ನ ಸುಡೋದು ಶಾಖದಿಂದಲ್ಲ. ಇದು ಗೊತ್ತಾಗಿ 200 ವರ್ಷ ಆಯ್ತು. 1801ರಲ್ಲಿ ಜರ್ಮನಿಯ ರಿಟ್ಟರ್, ಬೆಳಕಿನ ಪಟ್ಟಿಯಲ್ಲಿ ನೇರಳೆ ಬಣ್ಣ ಮುಗಿದ ಮೇಲೂ ಏನೋ ಇದೆ, ಬೆಳ್ಳಿಯ ಲವಣವನ್ನ ಅದು ಕಪ್ಪಾಗಿಸುತ್ತೆ ಅಂತ ಕಂಡುಹಿಡಿದ. ಅದೇ ಅತಿನೇರಳೆ ಕಿರಣ. 1820ರ ಸುಮಾರಿಗೆ ಇಂಗ್ಲೆಂಡಿನ ಎವರಾರ್ಡ್ ಹೋಮ್ ತನ್ನದೇ ಎರಡು ಕೈಗಳನ್ನ ಬಿಸಿಲಿಗೆ ಒಡ್ಡಿದ. ಒಂದು ಬರಿಗೈ, ಇನ್ನೊಂದಕ್ಕೆ ಕಪ್ಪು ಬಟ್ಟೆ. ಬಟ್ಟೆಯ ಕೆಳಗೆ ಶಾಖ ಹೆಚ್ಚಿತ್ತು. ಆದ್ರೂ ಗುಳ್ಳೆ ಎದ್ದಿದ್ದು ಬರಿಗೈ ಮೇಲೆ.

ಇದನ್ನ ನೆನಪಿಡಿ, ಯಾಕಂದ್ರೆ ಏಸಿ ಕ್ಯಾಬಿನಲ್ಲಿ ತಣ್ಣಗೆ ಕೂತವರೂ ಬಿಸಿಲಲ್ಲೇ ಇರ್ತಾರೆ. ಅತಿನೇರಳೆಯಲ್ಲಿ ಯುವಿಬಿ ಅನ್ನೋದು ಚರ್ಮ ಕೆಂಪಾಗಿಸೋದು. ಅದನ್ನ ಗಾಜು ತಡೆಯುತ್ತೆ. ಯುವಿಎ ಅನ್ನೋದು ಆಳಕ್ಕೆ ಇಳಿದು ಕಪ್ಪಾಗಿಸೋದು, ಸುಕ್ಕುಗಟ್ಟಿಸೋದು. ಅದು ಕಾರಿನ ಪಕ್ಕದ ಕಿಟಕಿ ಗಾಜನ್ನ ಬಹುಮಟ್ಟಿಗೆ ದಾಟಿ ಬರುತ್ತೆ. 28 ವರ್ಷ ಲಾರಿ ಓಡಿಸಿದ ಒಬ್ಬ ಅಮೆರಿಕನ್ ಡ್ರೈವರ್‌ನ ಫೋಟೋ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಿಟಕಿ ಕಡೆಯ ಎಡಗೆನ್ನೆ ಪೂರ್ತಿ ಜೋತುಬಿದ್ದು ಸುಕ್ಕಾಗಿತ್ತು, ಬಲಗೆನ್ನೆಗೆ ಅಷ್ಟು ವಯಸ್ಸಾಗಿರಲಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಆಗ ಬೆಳಿಗ್ಗೆ ಮಲ್ಕಾಜ್‌ಗಿರಿಯಿಂದ ಪಶ್ಚಿಮಕ್ಕೆ ಹೋಗೋ ಕ್ಯಾಬಿನಲ್ಲಿ ಎಡಗಡೆ ಕೂತವರ ಕೆನ್ನೆಗೆ ಅವನ ಪಾಲು ಜಾಸ್ತಿ.

ಎಸ್‌ಪಿಎಫ್ ಅನ್ನೋ ಅಂಕಿ

ಈಗ ಕ್ರೀಮಿಗೆ ಬರೋಣ. 1936ರಲ್ಲಿ ಫ್ರಾನ್ಸ್‌ನ ಯೂಜೀನ್ ಶ್ಯೂಲರ್, ಅಂದ್ರೆ ಲೋರಿಯಲ್ ಕಂಪನಿ ಕಟ್ಟಿದವನು, ಸೂರ್ಯಸ್ನಾನದ ಎಣ್ಣೆ ಮಾರೋಕೆ ಶುರು ಮಾಡಿದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬೆಂಜಮಿನ್ ಗ್ರೀನ್ ದನ ಕುದುರೆಗಳಿಗೆ ಹಚ್ಚೋ ಕೆಂಪು ಪೆಟ್ರೋಲಿಯಂ ಜೆಲ್ಲಿಯನ್ನ ಬಿಸಿಲಿಗೆ ಬಳಸಿದ. ಅದೇ ಮುಂದೆ ಕಾಪರ್‌ಟೋನ್ ಆಯ್ತು. ಆಸ್ಟ್ರಿಯಾದ ಫ್ರಾಂಜ್ ಗ್ರೈಟರ್ 1946ರಲ್ಲಿ ಹಿಮಪರ್ವತ ಹತ್ತೋರಿಗಾಗಿ 'ಗ್ಲೆಚರ್ ಕ್ರೀಮ್' ತಂದ. ಕಡಲ ತೀರ, ಹಿಮ, ರಜಾದಿನ. ಇದು ಇವುಗಳ ಹುಟ್ಟೂರು. ಬೆವರಲ್ಲಿ ಹೆಲ್ಮೆಟ್ ಹಾಕ್ಕೊಂಡು ಉಪ್ಪಲ್ ಸಿಗ್ನಲ್‌ನಲ್ಲಿ ನಿಂತಿರೋನು ಯಾರ ಮನಸ್ಸಿನಲ್ಲೂ ಇರಲಿಲ್ಲ.

ಎಸ್‌ಪಿಎಫ್ ಅನ್ನೋ ಅಂಕಿಯನ್ನ ಜನಪ್ರಿಯ ಮಾಡಿದ್ದೂ ಇದೇ ಗ್ರೈಟರ್, 1974ರಲ್ಲಿ. ಅದಕ್ಕೂ ಮೊದಲು 1956ರಲ್ಲಿ ಜರ್ಮನಿಯ ರುಡಾಲ್ಫ್ ಶುಲ್ಜ್ ಇಂಥದೇ ಅಳತೆ ಸೂಚಿಸಿದ್ದ. ಅಳೆಯೋದು ಹೀಗೆ. ಸ್ವಯಂಸೇವಕರ ಬೆನ್ನಿನ ಮೇಲೆ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮ್ ಹಚ್ಚಿ, ದೀಪದ ಕಿರಣ ಬಿಟ್ಟು, ಚರ್ಮ ಕೆಂಪಾಗೋಕೆ ಎಷ್ಟು ಪ್ರಮಾಣ ಬೇಕು ಅಂತ ನೋಡೋದು. ಹಚ್ಚದೇ ಇದ್ದಾಗ ಬೇಕಾದ್ದಕ್ಕಿಂತ 30 ಪಟ್ಟು ಬೇಕಾದ್ರೆ ಎಸ್‌ಪಿಎಫ್ 30. ಲೆಕ್ಕದಲ್ಲಿ 15 ಅಂದ್ರೆ ಸುಮಾರು 93 ಶೇಕಡಾ ತಡೆ, 30 ಅಂದ್ರೆ 97, 50 ಅಂದ್ರೆ 98. ಮೂವತ್ತಕ್ಕೂ ಐವತ್ತಕ್ಕೂ ನಡುವೆ ಇರೋ ವ್ಯತ್ಯಾಸ ಜಾಹೀರಾತು ಹೇಳೋಷ್ಟಿಲ್ಲ.

'ಕೆಂಪಾಗೋದು' ಅನ್ನೋ ಪದ ನೋಡಿ. ಕೆಂಪಾಗೋದು ಚೆನ್ನಾಗಿ ಕಾಣೋದು ಬಿಳಿ ಚರ್ಮದ ಮೇಲೆ. ಹಾಗಾಗಿ ಆ ಪರೀಕ್ಷೆಗೆ ಆರಿಸಿದ್ದೂ ತಿಳಿಬಣ್ಣದವರನ್ನೇ. ನಿಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮಾಡೆಲ್ ಟ್ರೈನ್ ಆಗಿದ್ದು ಒಂದು ಡೇಟಾಸೆಟ್ ಮೇಲೆ, ಓಡ್ತಿರೋದು ಇನ್ನೊಂದರ ಮೇಲೆ.

1975

1975ರಲ್ಲಿ ಮೂರು ಸಂಗತಿ ನಡೆದವು. ಒಂದಕ್ಕೊಂದು ಸಂಬಂಧ ಇಲ್ಲ ಅನ್ನಿಸುತ್ತೆ, ಆದ್ರೆ ಮೂರೂ ನಮ್ಮ ಮುಖಕ್ಕೆ ಬಂದು ತಗುಲಿದವು.

ಮೊದಲನೇದು, ಅಮೆರಿಕದ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಚರ್ಮವನ್ನ ವಿಧ ವಿಧವಾಗಿ ವಿಂಗಡಿಸಿದ. ಬಿಸಿಲಿಗೆ ಎಷ್ಟು ಸುಡುತ್ತೆ, ಎಷ್ಟು ಕಪ್ಪಾಗುತ್ತೆ ಅನ್ನೋದೇ ಅಳತೆಗೋಲು. ಆ ಮೊದಲ ಪಟ್ಟಿ ಮಾಡಿದ್ದು ಬಿಳಿಯರಿಗಾಗಿ. ಕಂದು, ಕಪ್ಪು ಚರ್ಮಕ್ಕೆ ಐದು, ಆರು ಅಂತ ನಂಬರ್ ಸೇರಿದ್ದು ಆಮೇಲೆ.

ಎರಡನೇದು, ನಮ್ಮ ದೇಶದಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂತು. 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದ್ರು. ಆ 45 ವರ್ಷದಲ್ಲಿ ಮುಖಕ್ಕೆ ಹಚ್ಚೋ ಕ್ರೀಮ್ ಅಂದ್ರೆ ಬೆಳ್ಳಗಾಗೋಕೆ ಅನ್ನೋದು ಮನೆಮನೆಯ ಮಾತಾಗಿತ್ತು.

ಮೂರನೇದು, ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವನ ಜೊತೆಗಾರ ಒಂದು ಮಿಶ್ರಣ ಪ್ರಕಟಿಸಿದ್ರು. ಕಪ್ಪು ಕಲೆ ತಿಳಿಯಾಗಿಸೋಕೆ ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್, ಜೊತೆಗೊಂದು ಸ್ಟೀರಾಯ್ಡ್. ಈ ಕ್ಲಿಗ್‌ಮನ್ ಹೆಸರಿಗೆ ಒಂದು ಕರಾಳ ಅಧ್ಯಾಯ ಅಂಟಿದೆ. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರವರೆಗೆ ಕೈದಿಗಳ ಮೇಲೆ, ಅವರಲ್ಲಿ ಹೆಚ್ಚಿನವರು ಕಪ್ಪು ಜನ, ಚರ್ಮದ ಪ್ರಯೋಗಗಳು ನಡೆದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ಇದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ. ನೋಡಿ, ಬಿಸಿಲಿನಿಂದ ಕಾಪಾಡೋ ಅಂಕಿ ನಿರ್ಧಾರ ಆಗಿದ್ದು ಬಿಳಿಯರ ಬೆನ್ನಿನ ಮೇಲೆ. ನೋವಿನ ಪ್ರಯೋಗ ನಡೆದಿದ್ದು ಮಾತ್ರ ಜೈಲಿನ ಕರಿಯರ ಮೈಮೇಲೆ.

ಆ ಮೂರು ಮದ್ದಿನ ಮಿಶ್ರಣದ ತಮ್ಮಂದಿರು ನಮ್ಮ ಮೆಡಿಕಲ್ ಶಾಪಿಗೆ ಬಂದ್ರು. ವೈದ್ಯರು ಕೆಲವು ವಾರಕ್ಕೆ ಅಂತ ಬರೆದುಕೊಡಬೇಕಾದ್ದನ್ನ ಜನ ವರ್ಷಗಟ್ಟಲೆ ಹಚ್ಚಿದ್ರು. ಮೊದಲ ವಾರ ಮುಖ ಫಳಫಳ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಬಿಟ್ಟ ಕೂಡಲೇ ಉರಿ. ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ 'ಸ್ಟೀರಾಯ್ಡ್‌ನಿಂದ ಹಾಳಾದ ಮುಖ' ಅಂತಲೇ ಹೆಸರಿಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ತಂತು.

ಇದನ್ನ ಯಾಕೆ ಹೇಳಿದೆ ಅಂದ್ರೆ, "ನಂಗೆ ಯಾವ ಸನ್‌ಸ್ಕ್ರೀನೂ ಆಗಲ್ಲ" ಅನ್ನೋರಲ್ಲಿ ಕೆಲವರಿಗೆ ಹುಟ್ಟಿನಿಂದ ಸೂಕ್ಷ್ಮ ಚರ್ಮ ಇರಲ್ಲ. ಆ ಸೂಕ್ಷ್ಮತೆ ಅಂಗಡಿಯಲ್ಲಿ ಕೊಂಡದ್ದು. ನಿಮ್ಮ ಹಳೇ ಟ್ಯೂಬ್ ತಿರುಗಿಸಿ ನೋಡಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತಿದ್ರೆ ಮೊದಲು ಚರ್ಮವೈದ್ಯರ ಹತ್ರ ಹೋಗಿ. ನೀವಾಗಿ ಒಂದೇ ಸಲ ನಿಲ್ಲಿಸೋದೂ ಬೇಡ, ಮುಂದುವರಿಸೋದೂ ಬೇಡ.

ಚರ್ಮ ಬೇಡ ಅಂದಿದ್ದು ಏನನ್ನ?

ಸನ್‌ಸ್ಕ್ರೀನ್ ಮುಖಕ್ಕೆ ಆಗದೇ ಇರೋದು ನಿಮ್ಮೊಬ್ಬರ ಕಥೆ ಅಲ್ಲ. ಪಾಬಾ ಅನ್ನೋ ರಾಸಾಯನಿಕಕ್ಕೆ 1943ರಲ್ಲಿ ಪೇಟೆಂಟ್ ಸಿಕ್ತು. ದಶಕಗಳ ಕಾಲ ಅದೇ ರಾಜ. ಆಮೇಲೆ ಎಷ್ಟೋ ಜನರಿಗೆ ಅಲರ್ಜಿ ಆಗಿ, 1980ರ ದಶಕದಲ್ಲಿ 'ಪಾಬಾ ಇಲ್ಲ' ಅನ್ನೋದೇ ಟ್ಯೂಬಿನ ಮೇಲಿನ ಹೆಗ್ಗಳಿಕೆ ಆಯ್ತು. ಅದರ ಜಾಗಕ್ಕೆ ಬಂದವುಗಳಲ್ಲಿ ಆಕ್ಸಿಬೆಂಜೋನ್ ಒಂದು. 2014ರಲ್ಲಿ ಅಮೆರಿಕದ ಚರ್ಮ ಅಲರ್ಜಿ ವೈದ್ಯರ ಸಂಘ ಅದು ಸೇರಿದ ಬೆಂಜೋಫಿನೋನ್ ಗುಂಪನ್ನೇ 'ವರ್ಷದ ಅಲರ್ಜಿಕಾರಕ' ಅಂತ ಸಾರಿತು. ಹಿಂದಿನ ವರ್ಷ ಆ ಪಟ್ಟ ಸಿಕ್ಕಿದ್ದು ಕ್ರೀಮು ಕೆಡದಂತೆ ಹಾಕೋ ಮೀಥೈಲ್‌ಐಸೋಥಯಾಜೋಲಿನೋನ್‌ಗೆ. ಅಂದ್ರೆ ತಪ್ಪು ಸೂರ್ಯನನ್ನ ತಡೆಯೋ ವಸ್ತುವಿನದ್ದೇ ಆಗಿರಬೇಕಿಲ್ಲ. ಸುವಾಸನೆಯದ್ದು, ಕೆಡದಂತೆ ಹಾಕಿದ್ದರದ್ದು ಇರಬಹುದು.

ನಮ್ಮ ನಾಡಿನದೇ ಒಂದು ಉದಾಹರಣೆ ಕೊಡ್ತೀನಿ. ಕಾಂಗ್ರೆಸ್ ಗಿಡ ಗೊತ್ತಲ್ಲ? ತೆಲುಗಿನವರು ವಯ್ಯಾರಿಭಾಮ ಅಂತಾರೆ. ಮಲ್ಕಾಜ್‌ಗಿರಿ ಕಡೆಯ ಖಾಲಿ ಸೈಟುಗಳಲ್ಲಿ, ರೈಲು ಹಳಿಯ ಪಕ್ಕ ಬಿಳಿ ಹೂ ಬಿಟ್ಟು ನಿಂತಿರುತ್ತೆ. ಅಮೆರಿಕ ಖಂಡದ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡು ದೇಶವೆಲ್ಲ ಹಬ್ಬಿತು. ಕರ್ನಾಟಕ ಅದನ್ನ ಕಾನೂನಿನಡಿ ಅಪಾಯಕಾರಿ ಕಳೆ ಅಂತ ಘೋಷಿಸಿದ್ದೂ 1975ರ ಹೊತ್ತಿಗೇ. ಅದರ ಪಾರ್ಥೆನಿನ್ ಅನ್ನೋ ಅಂಶ ಗಾಳಿಯಲ್ಲಿ ಬಂದು ಮುಖ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ತುರಿಕೆ, ಚರ್ಮ ದಪ್ಪಗಾಗೋದು ತರುತ್ತೆ. ಎಷ್ಟೋ ರೈತರ ಬದುಕನ್ನೇ ಇದು ಹಾಳುಮಾಡಿದೆ. ನೋಡೋಕೆ ಬಿಸಿಲಿನ ಅಲರ್ಜಿ ಥರಾನೇ ಇರುತ್ತೆ.

ಇಲ್ಲೊಂದು ತಿರುವು ಇದೆ. ಈ ಗಿಡದ ಬಳಗಕ್ಕೇ ಸೇರಿದ್ದು ಕ್ಯಾಮೊಮೈಲ್, ಕ್ಯಾಲೆಂಡುಲ. ಒಂದಕ್ಕೆ ಅಲರ್ಜಿ ಇದ್ದೋರಿಗೆ ಇನ್ನೊಂದಕ್ಕೂ ಆಗಬಹುದು. 'ಸೂಕ್ಷ್ಮ ಚರ್ಮಕ್ಕೆ, ಪೂರ್ತಿ ನೈಸರ್ಗಿಕ' ಅಂತ ಮಾರೋ ಕ್ರೀಮುಗಳಲ್ಲಿ ಇವೇ ಇರ್ತವೆ. ಹಾಗಾಗಿ ನೈಸರ್ಗಿಕ ಅಂದಮಾತ್ರಕ್ಕೆ ನಂಬಬೇಡಿ.

ನಮ್ಮ ಚರ್ಮಕ್ಕೆ ಏನು ಬೇಕು?

ಕಂದು ಚರ್ಮಕ್ಕೆ ಹುಟ್ಟಿನಿಂದ ಒಂದಿಷ್ಟು ಕಾವಲು ಇದೆ, ನಿಜ. ನಮ್ಮಲ್ಲಿ ಬಿಸಿಲಿನ ಏಟು ಕೆಂಪಾಗಿ ಕಾಣೋದಕ್ಕಿಂತ ಕಪ್ಪಾಗಿ ಕಾಣುತ್ತೆ. ಕೆನ್ನೆ ಮೇಲೆ ಬಂಗು, ಮೊಡವೆ ಹೋದ ಜಾಗದಲ್ಲಿ ಕಲೆ. 2010ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನ ಸಂಶೋಧಕರು ತೋರಿಸಿದ್ರು: ಅತಿನೇರಳೆ ಬಿಡಿ, ಕಣ್ಣಿಗೆ ಕಾಣೋ ಬೆಳಕೇ ಕಂದು ಚರ್ಮವನ್ನ ಗಾಢವಾಗಿ, ತುಂಬ ದಿನ ಕಪ್ಪಾಗಿಸುತ್ತೆ. ತಿಳಿ ಚರ್ಮದಲ್ಲಿ ಹಾಗಾಗಲಿಲ್ಲ. ಎಸ್‌ಪಿಎಫ್ ಅಂಕಿಯಲ್ಲಿ ಈ ಲೆಕ್ಕವೇ ಇಲ್ಲ.

ಹಾಗಾಗಿ ಟ್ಯೂಬಿನ ಮೇಲೆ ಇನ್ನೆರಡು ವಿಷಯ ನೋಡಿ. ಒಂದು, ಪಿಎ ಪಕ್ಕದ ಪ್ಲಸ್ ಗುರುತು. ಇದು ಜಪಾನಿನಲ್ಲಿ 1996ರಲ್ಲಿ ಬಂದ ಅಳತೆ. ಇಲ್ಲಿ ನೋಡೋದು ಚರ್ಮ ಕೆಂಪಾಗೋದನ್ನಲ್ಲ, ಕಪ್ಪಾಗೋದನ್ನ. ನಮ್ಮ ತೊಂದರೆಗೆ ಇದು ಹೆಚ್ಚು ಹತ್ತಿರ. ಮೂರು ಅಥವಾ ನಾಲ್ಕು ಪ್ಲಸ್ ಇರಲಿ. ಎರಡು, ಬಂಗು ಇದ್ದೋರು ಐರನ್ ಆಕ್ಸೈಡ್ ಇರೋ, ಚರ್ಮದ ಬಣ್ಣದ ಕ್ರೀಮ್ ಹುಡುಕಿ. ಕಾಣೋ ಬೆಳಕನ್ನ ತಡೆಯೋದು ಆ ಬಣ್ಣ. ಇದೇನು ಹೊಸ ವಸ್ತುವಲ್ಲ. ಸಣ್ಣವರಿದ್ದಾಗ ಬೆವರುಸಾಲೆಗೆ ಹಚ್ತಿದ್ದ ಕ್ಯಾಲಮೈನ್ ಗುಲಾಬಿ ಬಣ್ಣಕ್ಕಿತ್ತಲ್ಲ, ಅದೂ ಜಿಂಕ್ ಆಕ್ಸೈಡಿಗೆ ಐರನ್ ಆಕ್ಸೈಡ್ ಬೆರೆಸಿದ್ದೇ.

ಸೂಕ್ಷ್ಮ ಚರ್ಮದವರಿಗೆ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರೋವು ಸಾಮಾನ್ಯವಾಗಿ ಸೌಮ್ಯ. ಅವುಗಳಿಗೆ ಅಲರ್ಜಿ ಆಗೋದು ತೀರ ಅಪರೂಪ. ಬರೀ ಅವೇ ಇದ್ರೆ ನಮ್ಮ ಮುಖ ಬೂದಿ ಬಳಿದ ಹಾಗೆ ಕಾಣುತ್ತೆ. ಬಣ್ಣ ಬೆರೆಸಿದ್ದು ಆ ಕಷ್ಟವನ್ನೂ ಕಡಿಮೆ ಮಾಡುತ್ತೆ.

ಮುಖಕ್ಕೆ ಮೊದಲು ತೋಳಿಗೆ

1895ರಲ್ಲಿ ಬ್ರೆಸ್ಲಾವ್ ಊರಿನ ವೈದ್ಯ ಯೋಸೆಫ್ ಯಾಡಸ್ಸೋನ್ ಅನುಮಾನ ಇರೋ ವಸ್ತುವನ್ನ ರೋಗಿಯ ಚರ್ಮದ ಸಣ್ಣ ಜಾಗಕ್ಕೆ ಅಂಟಿಸಿ ನೋಡಿದ. ಅದೇ ಪ್ಯಾಚ್ ಟೆಸ್ಟ್. ಇವತ್ತಿಗೂ ಅಲರ್ಜಿ ಹುಡುಕೋದು ಅದೇ ದಾರಿಯಲ್ಲಿ. ಅದರ ಮನೆಯ ರೂಪ ಹೀಗಿದೆ.

ಹೊಸ ಕ್ರೀಮನ್ನ ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ, ದಿನಕ್ಕೆ ಎರಡು ಸಲ, ಒಂದು ವಾರದಿಂದ ಹತ್ತು ದಿನ ಹಚ್ಚಿ. ತೊಳೀಬೇಡಿ. ಒಂದೇ ದಿನ ನೋಡಿ ಬಿಟ್ರೆ ಸಾಲದು, ಅಲರ್ಜಿ ತೋರೋಕೆ ಎರಡು ಮೂರು ದಿನ, ಒಮ್ಮೊಮ್ಮೆ ಇನ್ನೂ ಹೆಚ್ಚು ಬೇಕು. ಅಲ್ಲಿ ಸುಮ್ಮನಿದ್ರೆ ದವಡೆ ಪಕ್ಕ, ಕಿವಿ ಕೆಳಗೆ ಸ್ವಲ್ಪ ಜಾಗಕ್ಕೆ ಮೂರು ನಾಲ್ಕು ದಿನ ಹಚ್ಚಿ. ಆಮೇಲೆ ಇಡೀ ಮುಖ. ನೇರವಾಗಿ ಪ್ರೊಡಕ್ಷನ್‌ಗೆ ಹಾಕಬೇಡಿ ಅಂತ ನಿಮಗೆ ಹೇಳಿಕೊಡಬೇಕಾ? ಈ ಹೊತ್ತಲ್ಲಿ ಬೇರೆ ಯಾವ ಹೊಸ ಕ್ರೀಮೂ ಬೇಡ. ಎರಡು ಬದಲಾವಣೆ ಒಟ್ಟಿಗೆ ಮಾಡಿದ್ರೆ ತಪ್ಪು ಯಾರದ್ದು ಅಂತ ತಿಳಿಯಲ್ಲ.

ಏನಾಯ್ತು ಅನ್ನೋದನ್ನೂ ಬಿಡಿಸಿ ನೋಡಿ. ಹಚ್ಚಿದ ನಿಮಿಷಕ್ಕೆ ಚುರುಚುರು, ಆಮೇಲೆ ಸರಿ ಹೋಯ್ತು ಅಂದ್ರೆ ಅದು ಕಿರಿಕಿರಿ. ಹೊಸದಾಗಿ ಶೇವ್ ಮಾಡಿದ ಮೇಲೆ, ಬೆವರಿನಲ್ಲಿ ಜಾಸ್ತಿ. ಒಂದೆರಡು ದಿನ ಬಿಟ್ಟು ತುರಿಕೆ, ಗುಳ್ಳೆ, ಊತ ಬಂದ್ರೆ ಅಲರ್ಜಿಯ ಅನುಮಾನ. ಬಿಸಿಲು ಬಿದ್ದ ಜಾಗದಲ್ಲಿ ಮಾತ್ರ ಎದ್ರೆ, ಬೆಳಕು ಮತ್ತು ಕ್ರೀಮ್ ಸೇರಿ ಆಗೋ ಅಲರ್ಜಿ ಇರಬಹುದು. ಅದು ತೋಳಿನ ಪರೀಕ್ಷೆಯಲ್ಲಿ ಸಿಗಲ್ಲ. ಕಡೆಯ ಎರಡಕ್ಕೂ ಟ್ಯೂಬನ್ನ ಎಸೆಯದೆ ವೈದ್ಯರ ಹತ್ರ ತಗೊಂಡು ಹೋಗಿ. ಅದರ ಹಿಂದೆ ಬರೆದಿರೋ ಪಟ್ಟಿಯೇ ಅವರಿಗೆ ಸುಳಿವು.

ಆಗಿಬಂದ ಮೇಲೆ ಜಿಪುಣತನ ಬೇಡ. ಅಳತೆ ನಡೆದಿದ್ದು 2 ಮಿಲಿಗ್ರಾಂ ಲೆಕ್ಕದಲ್ಲಿ. ನಾವು ಹೆದರಿಕೊಂಡು ಕಾಲುಭಾಗ ಹಚ್ಚಿದ್ರೆ 50 ಅನ್ನೋ ಅಂಕಿ ಬರೀ ಟ್ಯೂಬಿನ ಮೇಲಿರುತ್ತೆ. ಮುಖ, ಕುತ್ತಿಗೆ ಸೇರಿ ಎರಡು ಬೆರಳಿನುದ್ದ ಬೇಕು. ಕಣ್ಣಿನ ಸುತ್ತ ಬಿಡಿ, ಅಲ್ಲಿಗೆ ಕನ್ನಡಕ ಸಾಕು. ಬೆವರಿದ ಮೇಲೆ ಮತ್ತೆ ಹಚ್ಚಬೇಕು.

ಇಷ್ಟು ಮಾಡಿದ ಮೇಲೂ ಯಾವ ಕ್ರೀಮೂ ಒಗ್ಗದವರು ಇರ್ತಾರೆ. ಅವರು ಸೋತರು ಅಂತಲ್ಲ. ದುಪಟ್ಟ ಮುಖಕ್ಕೆ ಸುತ್ತಿಕೊಂಡು ಸ್ಕೂಟಿ ಓಡಿಸೋ ಹೈದರಾಬಾದಿ ಹುಡುಗಿಯರು, ಛತ್ರಿ ಹಿಡಿದು ಬಸ್‌ಸ್ಟಾಪಿನಲ್ಲಿ ನಿಲ್ಲೋ ಅಮ್ಮಂದಿರು ಮಾಡೋದು ಹೋಮ್‌ನ ಆ ಕಪ್ಪು ಬಟ್ಟೆಯ ಕೆಲಸವನ್ನೇ. ದಪ್ಪ ನೇಯ್ಗೆಯ ಬಟ್ಟೆಗೆ ಅಲರ್ಜಿಯೂ ಕಡಿಮೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚೋ ಕಷ್ಟವೂ ಇಲ್ಲ.

ನಿಮಗೆ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಅನ್ನೋದನ್ನ ಫೋನಿನಲ್ಲಿ ಒಂದು ಕಡೆ ಬರೆದಿಟ್ಟುಕೊಳ್ಳಿ, ದಿನಾಂಕದ ಸಮೇತ. ನಿಮ್ಮ ಚರ್ಮದ ಮೇಲೆ ಯಾರೂ ಅಳೆದಿಲ್ಲ, ಆ ಲೆಕ್ಕ ನೀವೇ ಇಡಬೇಕು.